ಯಾವ ಜೀವಕೋಶದ ಮೈಕ್ರೋಆರ್‌ಎನ್‌ಎ? ಶ್ವಾಸಕೋಶದ ಪ್ರಯೋಗಗಳಲ್ಲಿ ನನ್ನ ಅನುಭವ

ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಯ ಒಂದು ಚೂರನ್ನು ಅರೆದು, ಆರ್‌ಎನ್‌ಎ ತೆಗೆದು, ಆರ್‌ಎನ್‌ಎ ಪ್ರಮಾಣ ತಿಳಿಸುವ ಪಿಸಿಆರ್ ಪರೀಕ್ಷೆಯಲ್ಲಿ ಮಿಆರ್-145 ಎಂಬ ಮೈಕ್ರೋಆರ್‌ಎನ್‌ಎ ಅಳೆದೆ. ಗಡ್ಡೆಯಲ್ಲಿ ಕಡಿಮೆ, ಪಕ್ಕದ ಆರೋಗ್ಯವಾದ ಭಾಗದಲ್ಲಿ ಜಾಸ್ತಿ. ಇದು ಕ್ಯಾನ್ಸರ್ ತಡೆಯುವ ಅಣು, ಗಡ್ಡೆ ಇದನ್ನು ಕಳೆದುಕೊಂಡಿದೆ ಎಂದು ಬರೆದುಬಿಡುವುದು ಸುಲಭ ಅಲ್ವಾ? ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಇಂಥ ಫಲಿತಾಂಶ ಕೈಗೆ ಬಂದಾಗ ನನ್ನ ಮೊದಲ ಪ್ರಶ್ನೆ ಒಂದೇ: ಈ ಅಣು ಯಾವ ಜೀವಕೋಶದ್ದು?

ಮೈಕ್ರೋಆರ್‌ಎನ್‌ಎ ಅಂದರೆ ಸುಮಾರು 22 ಅಕ್ಷರಗಳ ಪುಟ್ಟ ಆರ್‌ಎನ್‌ಎ. ಆರ್ಗೊನಾಟ್ ಎಂಬ ಪ್ರೋಟೀನಿನೊಳಗೆ ಕೂತು, ಪ್ರೋಟೀನ್ ತಯಾರಿಕೆಯ ಸೂಚನೆ ಹೊತ್ತ ಎಂಆರ್‌ಎನ್‌ಎಗಳಲ್ಲಿ ತನಗೆ ಹೊಂದುವುದಕ್ಕೆ ಅಂಟಿಕೊಂಡು, ಅದರಿಂದ ಪ್ರೋಟೀನ್ ತಯಾರಾಗುವುದನ್ನು ತಗ್ಗಿಸುತ್ತದೆ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ 1993ರಲ್ಲಿ ಸಣ್ಣದೊಂದು ಹುಳುವಿನಲ್ಲಿ ಇದನ್ನು ತೋರಿಸಿಕೊಟ್ಟರು. 2024ರಲ್ಲಿ ಅವರಿಗೆ ನೊಬೆಲ್ ಬಂತು.

ಶ್ವಾಸಕೋಶದಲ್ಲಿ ಹತ್ತಾರು ಬಗೆಯ ಜೀವಕೋಶಗಳಿವೆ. ಮಿಆರ್-451 ಹೆಚ್ಚಾಗಿ ಕೆಂಪು ರಕ್ತಕಣದ್ದು, ಮಿಆರ್-223 ನ್ಯೂಟ್ರೊಫಿಲ್ ಥರದ ಬಿಳಿ ಕಣದ್ದು. ಮಿಆರ್-145 ನಯವಾದ ಸ್ನಾಯು ಮತ್ತು ಫೈಬ್ರೊಬ್ಲಾಸ್ಟ್ ಎಂಬ, ಅಂಗಾಂಶಕ್ಕೆ ಆಧಾರ ಕೊಡುವ ಕೋಶದ್ದು. ಗಡ್ಡೆಯಲ್ಲಿ ಹೊರಪದರದಿಂದ (ಎಪಿಥೀಲಿಯಂ) ಬಂದ ಕ್ಯಾನ್ಸರ್ ಕೋಶಗಳು ತುಂಬಿಕೊಂಡರೆ ಮಿಆರ್-145ರ ಪಾಲು ತಾನಾಗಿ ಇಳಿಯುತ್ತದೆ. ಯಾವ ಕೋಶವೂ ಏನನ್ನೂ ಕಳೆದುಕೊಂಡಿರಬೇಕಿಲ್ಲ.

ಹಾಗಾಗಿ ಅದೇ ಗಡ್ಡೆಯ ತೆಳು ಪದರವನ್ನು ಗಾಜಿನ ಮೇಲಿಟ್ಟು, ಅಣು ಇರುವ ಜಾಗಕ್ಕೆ ಬಣ್ಣ ಬರಿಸಿ ನೋಡಿದೆ. ಇದಕ್ಕೆ ಅಣುವನ್ನು ಹುಡುಕಿ ಅಂಟುವ ಪ್ರೋಬ್ ಎಂಬ ತುಣುಕು ಬೇಕು. ಸಾಮಾನ್ಯ ಡಿಎನ್‌ಎ ಪ್ರೋಬ್ 22 ಅಕ್ಷರಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ. ಹೆಚ್ಚು ಬಿಗಿಯಾಗಿ ಅಂಟುವಂತೆ ರಾಸಾಯನಿಕವಾಗಿ ಮಾರ್ಪಡಿಸಿದ ಎಲ್‌ಎನ್‌ಎ ಪ್ರೋಬ್ ಬೇಕು. ಇಷ್ಟು ಚಿಕ್ಕ ಆರ್‌ಎನ್‌ಎ ತೊಳೆಯುವಾಗ ಜಾರಿ ಹೋಗುತ್ತದೆ. ಅದಕ್ಕೆ ಫಾರ್ಮಾಲಿನ್ ಜೊತೆಗೆ ಇಡಿಸಿ ಎಂಬ ರಾಸಾಯನಿಕದಲ್ಲೂ ಅದನ್ನು ಬಿಗಿಯಾಗಿ ಹಿಡಿಸಿಡುತ್ತೇನೆ. ಅಕ್ಷರಗಳನ್ನು ಕಲಸಿದ ನಕಲಿ ಪ್ರೋಬ್ ಪಕ್ಕದಲ್ಲೇ ಇರಬೇಕು. ಅದಿಲ್ಲದ ಚಿತ್ರವನ್ನು ನಾನು ನಂಬುವುದಿಲ್ಲ. ಮಿಆರ್-145ರ ಬಣ್ಣ ರಕ್ತನಾಳದ ಗೋಡೆಯಲ್ಲಿ ಮತ್ತು ಗಡ್ಡೆಯ ಸುತ್ತಲಿನ ಅಂಗಾಂಶದಲ್ಲಿ ಕಂಡಿತು. ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ಇಲಿಗಳಲ್ಲಿ ನಡೆದ ಅಧ್ಯಯನವೊಂದು ಇನ್ನೂ ಮುಂದೆ ಹೋಗಿದೆ: ಸುತ್ತಲಿನ ಕೋಶಗಳ ಮಿಆರ್-143 ಮತ್ತು 145 ಶ್ವಾಸಕೋಶದ ಗಡ್ಡೆಗೆ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ. ಕ್ಯಾನ್ಸರ್ ತಡೆಯುವ ಅಣು ಎಂಬ ಹಣೆಪಟ್ಟಿ ಎಷ್ಟು ಅವಸರದ್ದು ನೋಡಿ.

ಮಿಆರ್-21ರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಕ್ಯಾನ್ಸರ್ ಕೋಶದಲ್ಲಿ ಅದು ಪಿಟೆನ್, ಪಿಡಿಸಿಡಿ4 ಎಂಬ ಕಾವಲು ಪ್ರೋಟೀನ್‌ಗಳನ್ನು ತಗ್ಗಿಸುತ್ತದೆ. ಶ್ವಾಸಕೋಶ ಗಡುಸಾಗುವ ಫೈಬ್ರೋಸಿಸ್ ರೋಗದಲ್ಲಿ, ಫೈಬ್ರೊಬ್ಲಾಸ್ಟ್ ಒಳಗೆ, ಸ್ಮ್ಯಾಡ್7 ಎಂಬ ಪ್ರೋಟೀನನ್ನು ತಗ್ಗಿಸುತ್ತದೆ. ಸ್ಮ್ಯಾಡ್7 ಫೈಬ್ರೋಸಿಸ್ ಹೆಚ್ಚಿಸುವ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನಿಗೆ ಕಡಿವಾಣ. ಅದು ಸಡಿಲವಾದರೆ ಟಿಜಿಎಫ್-ಬೀಟಾ ಮಿಆರ್-21 ಅನ್ನು ಮತ್ತೂ ಏರಿಸುತ್ತದೆ. ಅದೇ ಟಿಜಿಎಫ್-ಬೀಟಾ ಕೊಲಾಜೆನ್ ತಗ್ಗಿಸುವ ಮಿಆರ್-29 ಅನ್ನು ಇಳಿಸುತ್ತದೆ, ಹಾಗಾಗಿ ಗಡುಸು ನಾರಿನ ಪ್ರೋಟೀನ್ ಆದ ಕೊಲಾಜೆನ್ ಏರುತ್ತದೆ.

ಜಾಗ ತಿಳಿದ ಮೇಲೆ ಕೆಲಸವನ್ನು ರುಜುಪಡಿಸಬೇಕು. ಲೆಟ್-7 ಎಂಬ ಮೈಕ್ರೋಆರ್‌ಎನ್‌ಎ, ಕ್ಯಾನ್ಸರ್ ಬೆಳೆಸುವ ಕೆಆರ್‌ಎಎಸ್ ಜೀನನ್ನು ತಗ್ಗಿಸುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಎ549 ಶ್ವಾಸಕೋಶ ಕ್ಯಾನ್ಸರ್ ಕೋಶಗಳಲ್ಲಿ ನೋಡುವಾಗ, ಲೆಟ್-7 ಅಂಟುವ ಕೆಆರ್‌ಎಎಸ್ ಎಂಆರ್‌ಎನ್‌ಎಯ ಬಾಲದ ತುದಿಯನ್ನು, ಬೆಳಕು ಹೊಮ್ಮಿಸುವ ಲೂಸಿಫರೇಸ್ ಪ್ರೋಟೀನಿನ ಜೀನಿಗೆ ಜೋಡಿಸಿದೆ. ಲೆಟ್-7 ಕೊಟ್ಟಾಗ ಬೆಳಕು ಇಳಿಯಿತು. ಅಂಟುವ ಜಾಗದ ಕೆಲವೇ ಅಕ್ಷರ ಬದಲಿಸಿದಾಗ ಬೆಳಕು ವಾಪಸ್ ಬಂತು. ಆ ಎರಡನೇ ಅರ್ಧವೇ ನಿಜವಾದ ಸಾಕ್ಷಿ. ಪ್ರೋಟೀನ್ ಮಟ್ಟವನ್ನು ವೆಸ್ಟರ್ನ್ ಬ್ಲಾಟ್ ಎಂಬ ಪರೀಕ್ಷೆಯಲ್ಲೂ ನೋಡಿದೆ. ಇಳಿಕೆ ಸಣ್ಣದೇ ಇರುತ್ತದೆ, ಅದು ಸಹಜ. ದೊಡ್ಡದಾಗಿ ಕಾಣಲಿ ಎಂದು ಸುಮ್ನೆ ಕೃತಕ ಲೆಟ್-7 ಅನ್ನು ಸುರಿಯಬಾರದು. ಆರ್ಗೊನಾಟ್ ತುಂಬಿಹೋಗಿ ಬೇರೆ ಮೈಕ್ರೋಆರ್‌ಎನ್‌ಎಗಳಿಗೆ ಜಾಗ ಸಿಗುವುದಿಲ್ಲ.

ರಕ್ತದ ಮಾದರಿಗೂ ಇದೇ ಎಚ್ಚರ. ರಕ್ತ ಹೆಪ್ಪುಗಟ್ಟದಂತೆ ಬಳಸುವ ಹೆಪಾರಿನ್ ಪಿಸಿಆರ್ ಕೆಡಿಸುತ್ತದೆ, ಅದರ ಬದಲು ಇಡಿಟಿಎ ಇರುವ ಟ್ಯೂಬ್ ಬಳಸುತ್ತೇನೆ. ಪ್ಲೇಟ್‌ಲೆಟ್ ಉಳಿಯದಂತೆ ಎರಡು ಸಲ ಸೆಂಟ್ರಿಫ್ಯೂಜ್ ಮಾಡುತ್ತೇನೆ. ಕೆಂಪು ಕಣ ಒಡೆದರೂ ಹೆಚ್ಚು ಬದಲಾಗದ ಮಿಆರ್-23ಎ ಜೊತೆ ಹೋಲಿಸಿದಾಗ ಮಿಆರ್-451 ತೀರಾ ಜಾಸ್ತಿ ಇದ್ದರೆ ಕೆಂಪು ಕಣ ಒಡೆದಿದೆ ಎಂದರ್ಥ. ಆ ಮಾದರಿಯನ್ನು ಬದಿಗಿಡುತ್ತೇನೆ.

ಚಿಕಿತ್ಸೆಯಲ್ಲೂ ಇದೇ ಪ್ರಶ್ನೆ ಏಳುತ್ತದೆ: ಕೊಟ್ಟ ಅಣು ಯಾವ ಜೀವಕೋಶಕ್ಕೆ ಹೋಗುತ್ತದೆ? ಮಿಆರ್-34ಎ ಅನ್ನು ಕೊಬ್ಬಿನ ಗುಳ್ಳೆಗಳಲ್ಲಿ ತುಂಬಿ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟ ಎಂಆರ್‌ಎಕ್ಸ್34 ಪ್ರಯೋಗ, ರೋಗನಿರೋಧಕ ವ್ಯವಸ್ಥೆಯ ತೀವ್ರ ಪ್ರತಿಕ್ರಿಯೆಗಳಿಂದಾಗಿ 2016ರಲ್ಲಿ ನಿಂತಿತು. ಆದ್ದರಿಂದ ಕೃತಕ ಮೈಕ್ರೋಆರ್‌ಎನ್‌ಎ ಯಾವುದನ್ನೇ ಪರೀಕ್ಷಿಸಲಿ, ಕ್ಯಾನ್ಸರ್ ಕೋಶದ ಜೊತೆಗೆ ಬಿಳಿ ರಕ್ತಕಣಗಳಿಗೂ ಅದನ್ನು ಕೊಟ್ಟು, ರೋಗನಿರೋಧಕ ಪ್ರತಿಕ್ರಿಯೆಯ ಸಂಕೇತವಾದ ಇಂಟರ್‌ಫೆರಾನ್ ಏರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳುತ್ತೇನೆ.