ಎಂಆರ್‌ಐ ರಿಪೋರ್ಟಿನ ‘ಪೆರಿವ್ಯಾಸ್ಕುಲರ್ ಸ್ಪೇಸ್’: ಓದಿ ತಿಳಿಯುವುದು ಹೇಗೆ?

ಹಾಸನದಲ್ಲಿ ಅಪ್ಪನ ತಲೆಯ ಎಂಆರ್‌ಐ ಮಾಡಿಸಿ ಸಕಲೇಶಪುರದ ಬಸ್ ಹತ್ತಿದ್ದೀರಿ. ಕವರ್ ತೆಗೆದರೆ ‘ಪೆರಿವ್ಯಾಸ್ಕುಲರ್ ಸ್ಪೇಸ್’ ಹಿಗ್ಗಿವೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಗಾಬರಿ ಬೇಡ, ಒಂದೊಂದಾಗಿ ನೋಡೋಣ.

ಮೊದಲು, ಇದೇನೆಂದು ತಿಳಿಯಿರಿ. ಮಿದುಳಿನೊಳಗೆ ಇಳಿಯುವ ಸಣ್ಣ ರಕ್ತನಾಳಗಳ ಸುತ್ತ ದ್ರವ ತುಂಬಿದ ಕಿರಿದಾದ ಜಾಗವಿರುತ್ತದೆ. ಎಲ್ಲರಿಗೂ ಇರುತ್ತದೆ. ವಯಸ್ಸಾದಂತೆ ಜಾಸ್ತಿ ಕಾಣುತ್ತದೆ. ಕಾಫಿ ತೋಟದ ಬಸಿಗಾಲುವೆ ನೋಡಿದವರಿಗೆ ಇದರ ಕೆಲಸ ಬೇಗ ಅರ್ಥವಾದೀತು. ಮಿದುಳಿನ ಕಸ ಈ ದಾರಿಯಲ್ಲೂ ಸಾಗುತ್ತದೆ ಎಂದು 2012ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನ ಹೇಳಿತು. ಮನುಷ್ಯರಲ್ಲಿ ಅದು ಹೇಗೆ ನಡೆಯುತ್ತದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಎರಡನೆಯದು, ಬಣ್ಣ. ಎಂಆರ್‌ಐಯಲ್ಲಿ ಬೇರೆ ಬೇರೆ ಬಗೆಯ ಚಿತ್ರ ತೆಗೆಯುತ್ತಾರೆ. ‘ಟಿ2’ ಎಂಬ ಬಗೆಯಲ್ಲಿ ದ್ರವ ಬಿಳಿಯಾಗಿ ಕಾಣುತ್ತದೆ, ‘ಫ್ಲೇರ್’ ಎಂಬ ಬಗೆಯಲ್ಲಿ ಕಪ್ಪಾಗುತ್ತದೆ. ನಾಳವನ್ನು ಅಡ್ಡ ಕೊಯ್ದಂತೆ ಚಿತ್ರ ಬಂದರೆ ಚುಕ್ಕೆ, ಉದ್ದಕ್ಕೆ ಬಂದರೆ ನೂಲಿನ ಎಳೆ. ಅಗಲ ಸಾಮಾನ್ಯವಾಗಿ 3 ಮಿ.ಮೀ. ಒಳಗೇ. ಅದಕ್ಕಿಂತ ದೊಡ್ಡದಾಗಿ, ದುಂಡಗಿದ್ದು, ಫ್ಲೇರ್‌ನಲ್ಲಿ ಸುತ್ತ ಬಿಳಿ ಅಂಚಿದ್ದರೆ ಅದು ‘ಲಕ್ಯೂನ್’ ಇರಬಹುದು. ಅಂದರೆ ಹಿಂದೆ ಆಗಿಹೋದ ಸಣ್ಣ ಸ್ಟ್ರೋಕಿನ ಗುರುತು. ಇವೆರಡರ ವ್ಯತ್ಯಾಸವೇ ಇಲ್ಲಿ ತುಂಬಾ ಮುಖ್ಯ. ಇದನ್ನು ಹೇಳಬೇಕಾದವರು ರೇಡಿಯಾಲಜಿಸ್ಟ್. ಮೊಬೈಲಿನಲ್ಲಿ ಫೋಟೊ ಹಿಗ್ಗಿಸಿ ನಾವೇ ತೀರ್ಮಾನಿಸಬಾರದು.

ಆಮೇಲೆ, ಎಲ್ಲಿ, ಎಷ್ಟು ಎಂದು ನೋಡಿ. ಎಣಿಸುವ ಒಂದು ರೂಢಿಯಿದೆ. ಮಿದುಳಿನ ಎಡ, ಬಲಗಳಲ್ಲಿ ಜಾಸ್ತಿ ಇರುವ ಬದಿಯನ್ನು ತೆಗೆದುಕೊಂಡು 10ರವರೆಗೆ, 11–20, 21–40, 40ಕ್ಕೂ ಹೆಚ್ಚು ಎಂದು ದರ್ಜೆ ಕೊಡುತ್ತಾರೆ. ಆಳದಲ್ಲಿರುವ ‘ಬೇಸಲ್ ಗ್ಯಾಂಗ್ಲಿಯಾ’ದಲ್ಲಿ ಜಾಸ್ತಿ ಇದ್ದರೆ ಬಿ.ಪಿ.ಯಿಂದ ಸಣ್ಣ ನಾಳಗಳು ಸವೆದಿರಬಹುದು. ಮಿದುಳಿನ ಮೇಲ್ಭಾಗದ ‘ಸೆಂಟ್ರಮ್ ಸೆಮಿಒವಾಲೆ’ಯಲ್ಲಿ ಜಾಸ್ತಿಯಾದರೆ ನಾಳದ ಗೋಡೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಕೂತಿದೆಯೇ ಎಂದೂ ಯೋಚಿಸುತ್ತಾರೆ. ಬರೀ ಚುಕ್ಕೆ ನೋಡಿ ಮರೆವಿನ ಕಾಯಿಲೆ ಎಂದು ಹೇಳಲಾಗದು.

ಕೊನೆಗೆ, ಡಾಕ್ಟರ ಹತ್ತಿರ ಹೋಗುವಾಗ ಹಳೆಯ ಸ್ಕ್ಯಾನ್ ಸಿ.ಡಿ. ಇದ್ದರೆ ಅದನ್ನೂ ಒಯ್ಯಿರಿ. ‘ಲಕ್ಯೂನ್ ಏನಾದರೂ ಇದೆಯಾ ಡಾಕ್ಟ್ರೇ? ಹಿಂದಿನದಕ್ಕಿಂತ ಹೆಚ್ಚಾಗಿದೆಯಾ?’ ಎಂದು ಸಂಕೋಚ ಬಿಟ್ಟು ಕೇಳಿ. ಒಂದು ವಾರ ಮನೆಯಲ್ಲೇ ಅಪ್ಪನ ಬಿ.ಪಿ. ನೋಡಿ ಬರೆದಿಟ್ಟ ಚೀಟಿಯೂ ಜೊತೆಗಿರಲಿ.