ಜೂಲಿಯಾ ಚೈಲ್ಡ್ ಜಲವರ್ಣ ಕ್ಯಾರಿಕೇಚರ್: ಎಲ್ಲಿ ನೋಡಬೇಕು, ಹೇಗೆ ನೋಡಬೇಕು

ಮೊದಲು ಆರೆಂಟು ಅಡಿ ದೂರ ನಿಲ್ಲಿ. ಕಣ್ಣು ಕಿರಿದು ಮಾಡಿ ನೋಡಿದಾಗ ಮೂಗು, ಬಾಯಿ ಮಸುಕಾದರೂ ಆಕೃತಿಯಿಂದಲೇ ಜೂಲಿಯಾ ಎಂದು ಗೊತ್ತಾಗಬೇಕು. 1963ರಲ್ಲಿ ‘ದಿ ಫ್ರೆಂಚ್ ಚೆಫ್’ ಕಾರ್ಯಕ್ರಮದಿಂದ ಅಮೆರಿಕದ ಮನೆಮಾತಾದ ಈ ಅಡುಗೆಗಾರ್ತಿಯ ಎತ್ತರ 6 ಅಡಿ 2 ಅಂಗುಲ.

ಕ್ಯಾರಿಕೇಚರ್ (ಲಕ್ಷಣಗಳನ್ನು ಹಿಗ್ಗಿಸಿ ಬರೆಯುವ ತಮಾಷೆಯ ಭಾವಚಿತ್ರ) ಅಂದರೆ ದೊಡ್ಡ ತಲೆ, ಪುಟ್ಟ ಮೈ ಎಂಬ ರೂಢಿ ಇಲ್ಲಿ ಕೈಕೊಡುತ್ತದೆ. ಮೈ ಕುಗ್ಗಿಸಿದರೆ ಆಕೆಯ ಎತ್ತರವೇ ಹೋಯಿತು! ಪಳಗಿದ ಕಲಾವಿದ ಆಕೆಯನ್ನು ಬಿಟ್ಟು ಕಟ್ಟೆ, ಪಾತ್ರೆ, ಕೋಳಿಗಳನ್ನು ಚಿಕ್ಕದು ಮಾಡುತ್ತಾನೆ. ಅಮೆರಿಕದ ಕೇಂಬ್ರಿಜ್‌ನ ಆಕೆಯ ಮನೆಯಲ್ಲಿ ಅಡುಗೆ ಕಟ್ಟೆ 38 ಅಂಗುಲ ಎತ್ತರವಿತ್ತು, ಅಲ್ಲಿನ ವಾಡಿಕೆಗಿಂತ 2 ಅಂಗುಲ ಹೆಚ್ಚು. ಚಿತ್ರದಲ್ಲಿ ಅದೇ ಕಟ್ಟೆ ತೊಡೆಯ ಮಟ್ಟಕ್ಕೆ ಇಳಿದಿದ್ದರೆ ತಮಾಷೆ ಎಲ್ಲಿದೆ ಎಂಬುದು ತಿಳಿಯಿತು. ಅಂಗಿಯ ಮೇಲಿನ ದುಂಡನೆಯ ಬ್ಯಾಡ್ಜನ್ನೂ ಹುಡುಕಿ. ಅದು ಆಕೆ ಇಬ್ಬರು ಗೆಳತಿಯರೊಡನೆ ಪ್ಯಾರಿಸ್‌ನಲ್ಲಿ ನಡೆಸಿದ ಅಡುಗೆ ಶಾಲೆಯದು. ಹಿಂದಿನ ಗೋಡೆಯಲ್ಲಿ ಪಾತ್ರೆ ತೂಗುಹಾಕುವ ತೂತುಹಲಗೆಯಲ್ಲಿ ಪ್ರತಿ ಪಾತ್ರೆಗೂ ಅದರ ಜಾಗ ತೋರಿಸುವ ಹೊರಗೆರೆ ಇರುತ್ತಿತ್ತು, ಗಂಡ ಪಾಲ್ ಮಾಡಿಕೊಟ್ಟ ಏರ್ಪಾಡು. ಒಂದು ಪಾತ್ರೆ ಇಲ್ಲದೆ ಗೆರೆ ಮಾತ್ರ ಉಳಿದಿದ್ದರೆ, ಆ ಪಾತ್ರೆ ಆಕೆಯ ಕೈಯಲ್ಲಿದೆಯೇ ನೋಡಿ.

ಈಗ ಚಿತ್ರದಿಂದ ಒಂದಡಿ ದೂರದವರೆಗೆ ಹತ್ತಿರ ಬನ್ನಿ. ತಾಮ್ರದ ಪಾತ್ರೆಯೇ ನಿಜವಾದ ಪರೀಕ್ಷೆ. ಒಳ್ಳೆಯ ಕೆಲಸದಲ್ಲಿ ಅದರ ಹೊಳಪು ಬಣ್ಣ ತಾಗದೆ ಉಳಿಸಿದ ಕಾಗದದ ಬಿಳುಪು. ಸುತ್ತ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ, ನೆರಳಿಗೆ ಅದಕ್ಕೇ ಬೆರೆಸಿದ ಅಲ್ಟ್ರಾಮರೀನ್ ನೀಲಿ. ಬದಿಯಿಂದ ಟಾರ್ಚ್ ಹಿಡಿದಾಗ ಬಿಳಿ ಜಾಗ ಸುಣ್ಣದಂತೆ ಮಂಕಾಗಿ, ತುಸು ಉಬ್ಬಿ ಕಂಡರೆ ಅದು ಆಮೇಲೆ ಹಚ್ಚಿದ ಗೌಶ್, ಅಂದರೆ ಅಡಿಯದನ್ನು ಮುಚ್ಚುವ ದಟ್ಟ ಜಲವರ್ಣ. ತಪ್ಪೇನಲ್ಲ, ಆದರೆ ಉಳಿಸಿಕೊಂಡ ಬಿಳಿಯ ಹೊಳಪು ಅದಕ್ಕಿಲ್ಲ.

ಹಬೆಯ ಅಂಚು ಮೆತ್ತಗಿರಬೇಕು. ಹಸಿ ಬಣ್ಣವನ್ನು ಟಿಶ್ಯೂನಿಂದ ಒತ್ತಿ ತೆಗೆದರೆ ಹಾಗೆ ಬರುತ್ತದೆ. ಥ್ಯಾಲೋ ನೀಲಿ ಕಾಗದಕ್ಕೆ ಕಚ್ಚಿಕೊಳ್ಳುವುದರಿಂದ ಪೂರ್ತಿ ಏಳುವುದಿಲ್ಲ, ಹಬೆಗೆ ನೀಲಿ ಛಾಯೆ ಉಳಿಯುತ್ತದೆ. ಕೆನ್ನೆಯ ಮೇಲೆ ಹೂಕೋಸಿನಂಥ ಅಂಚಿನ ಕಲೆ ಇದ್ದರೆ, ಅರೆಬರೆ ಒಣಗಿದ ಬಣ್ಣಕ್ಕೆ ನೀರು ಹೆಚ್ಚಿದ ಕುಂಚ ತಾಗಿದೆ ಎಂದರ್ಥ. ಗೋಡೆಯಲ್ಲಾದರೆ ಚೆಂದ, ಮುಖದಲ್ಲಿ ಹುಣ್ಣಿನಂತೆ ಕಾಣುತ್ತದೆ. ಗುಂಗುರು ಕೂದಲಿನಲ್ಲಿ ಮಾತ್ರ ಒಣಕುಂಚದ ಒರಟು ಗೆರೆ ಸಲ್ಲುತ್ತದೆ.

ಕೊನೆಗೆ 10 ಪಟ್ಟಿನ ಭೂತಗನ್ನಡಿ ಹಿಡಿಯಿರಿ. ತೆಳು ಬಣ್ಣದಡಿ ಪೆನ್ಸಿಲ್ ಗೆರೆ, ಕಾಗದದ ಕುಳಿಗಳಲ್ಲಿ ತಂಗಿದ ಬಣ್ಣದ ಕಣಗಳು ಕಂಡರೆ ಮೂಲಚಿತ್ರ ಎನ್ನಲು ಬಲವಾದ ಸುಳಿವು. ಸಾಲುಸಾಲು ಚುಕ್ಕೆ ಕಂಡರೆ ಮುದ್ರಿತ ಪ್ರತಿ.