ಕೆರೆಯ ಶಕ್ತಿ ಪಿರಮಿಡ್: ಕಾಲಕ್ಕೊಂದು ಬರೆಯುವುದು ಹೇಗೆ?

ಯಾವ ಜೀವಿಗಳಿಗೆ ಎಷ್ಟು ಆಹಾರಶಕ್ತಿ ಸಿಗುತ್ತದೆ ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಚಿತ್ರವೇ ಶಕ್ತಿ ಪಿರಮಿಡ್. ಪಾಠಪುಸ್ತಕದ ಕೆರೆಗೆ ಒಂದೇ ಪಿರಮಿಡ್. ಕೆಳಗೆ ಪಾಚಿ, ಅದರ ಮೇಲೆ ಡ್ಯಾಫ್ನಿಯಾ ಥರದ ಸಣ್ಣ ಜೀವಿಗಳು, ಆಮೇಲೆ ಮೀನು, ತುದಿಯಲ್ಲಿ ಮಿಂಚುಳ್ಳಿ. ಅದು ಜುಲೈದೋ ಜನವರಿದೋ ಅಂತ ಮಾತ್ರ ಬರೆದಿರುವುದಿಲ್ಲ. ಪ್ರಾಜೆಕ್ಟ್‌ಗೆ ಬರೆಯುವವರು ನಿಮ್ಮೂರ ಕೆರೆಯನ್ನೇ ಹಿಡಿದು ಕಾಲಕ್ಕೊಂದು ಬರೆಯಿರಿ.

ಮೊದಲು ಪಿರಮಿಡ್‌ನ ತಳ, ಅಂದರೆ ಪಾಚಿ ಹಿಡಿದಿಟ್ಟ ಶಕ್ತಿಯನ್ನು ಅಳೆಯಬೇಕು. ಒಂದೇ ಅಳತೆಯ ಎರಡು ಗಾಜಿನ ಬಾಟಲಿ ಸಾಕು. ಒಂದಕ್ಕೆ ಕಪ್ಪು ಟೇಪ್ ಪೂರ್ತಿ ಸುತ್ತಿ. ಬೆಳಿಗ್ಗೆ ಎರಡನ್ನೂ ಮೊಣಕೈ ಆಳದಲ್ಲಿ ಮುಳುಗಿಸಿ, ಗಾಳಿಗುಳ್ಳೆ ಉಳಿಯದಂತೆ ತುಂಬಿಸಿ, ನೀರಿನೊಳಗೇ ಮುಚ್ಚಳ ಬಿಗಿದು, ಅದೇ ಆಳಕ್ಕೆ ಕೋಲಿನಿಂದ ತೂಗುಬಿಡಿ. (ಹೂಳಿರುವ ಕಡೆ ಇಳಿಯಬೇಡಿ, ಜೊತೆಗೊಬ್ಬರು ಇರಲಿ.) ಮಧ್ಯಾಹ್ನ ತೆಗೆದು, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಆಮ್ಲಜನಕದ ಕಿಟ್‌ನಲ್ಲಿ ಎರಡನ್ನೂ ನೋಡಿ. ಬೆಳಕಿನ ಬಾಟಲಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ, ಕಪ್ಪು ಬಾಟಲಿಯಲ್ಲಿ 6 ಬಂತು ಅನ್ನಿ. ಕತ್ತಲಲ್ಲಿ ಬರೀ ಉಸಿರಾಟ, ಬೆಳಕಿನಲ್ಲಿ ಉಸಿರಾಟದ ಜೊತೆಗೆ ಪಾಚಿ ಆಮ್ಲಜನಕವನ್ನೂ ಮಾಡುತ್ತದೆ. ವ್ಯತ್ಯಾಸ 3. ಅಷ್ಟು ಹೊತ್ತಿನಲ್ಲಿ ಪಾಚಿ ಮಾಡಿದ ಕೆಲಸ ಅದು. ಒಂದು ಮಿಲಿಗ್ರಾಂ ಆಮ್ಲಜನಕಕ್ಕೆ ಸುಮಾರು 3.5 ಕ್ಯಾಲರಿ (ಕಿಲೊಕ್ಯಾಲರಿ ಅಲ್ಲ!). ಅಂದರೆ ಲೀಟರಿಗೆ ಹತ್ತು ಕ್ಯಾಲರಿ ಚಿಲ್ಲರೆ.

ಮೇಲಿನ ಮೆಟ್ಟಿಲುಗಳಿಗೆ ಶೇ. 10ರ ಲೆಕ್ಕ ಹಾಕಿ, ಅಂದರೆ ಕೆಳಗಿನ ಮೆಟ್ಟಿಲಿನ ಶಕ್ತಿಯ ಹತ್ತನೇ ಒಂದು ಪಾಲು ಮಾತ್ರ ಮೇಲಿನದಕ್ಕೆ, ಆದರೆ ಅದನ್ನು ಕಲ್ಲಿನಲ್ಲಿ ಕೆತ್ತಿದ್ದು ಅಂದುಕೊಳ್ಳಬೇಡಿ. 1942ರಲ್ಲಿ ಪರಿಸರ ವಿಜ್ಞಾನಿ ಲಿಂಡೆಮನ್ ಅಮೆರಿಕದ ಮಿನೆಸೋಟದ ಸೀಡರ್ ಬಾಗ್ ಲೇಕ್‌ಗೆ ಹಾಕಿದ ಲೆಕ್ಕದಲ್ಲೇ ಸಸ್ಯಾಹಾರಿಗಳಿಗೆ ಶೇ. 13.3, ಮಾಂಸಾಹಾರಿಗಳಿಗೆ ಶೇ. 22.3 ಬಂದಿತ್ತು. ಅಲ್ಲಿ ಚಳಿಗಾಲ ಅಂದರೆ ಮಂಜುಗಡ್ಡೆ. ನಮ್ಮಲ್ಲಿ ಡಿಸೆಂಬರಿನಲ್ಲೂ ಹನ್ನೊಂದು ಗಂಟೆಗಿಂತ ಜಾಸ್ತಿ ಹಗಲು, ಹಾಗಾಗಿ ಪಾಚಿಗೆ ರಜೆಯೇ ಇಲ್ಲ.

ನಮ್ಮ ಕೆರೆಗಳಲ್ಲಿ ಪಿರಮಿಡ್‌ನ ತಳ ಕಿರಿದಾಗುವುದು ಮಳೆಗಾಲದಲ್ಲಿ. ಕೆಂಪು ಬಗ್ಗಡ ನೀರು ನುಗ್ಗಿದಾಗ ಬೆಳಕು ಗೇಣುದ್ದವೂ ಇಳಿಯದಿರಬಹುದು. ಆದರೂ ಹುಳುಗಳೂ ಗೊದಮೊಟ್ಟೆಗಳೂ ತುಂಬಿರುತ್ತವೆ, ಯಾಕೆಂದರೆ ಸಗಣಿ, ಕೊಳೆತ ಎಲೆ ಹೊರಗಿನಿಂದ ಬಂದಿರುತ್ತದೆ. ಅದನ್ನು ತಳಕ್ಕೆ ಸೇರಿಸಬೇಡಿ, ಪಕ್ಕದಲ್ಲಿ ಬೇರೆ ಡಬ್ಬಿ ಬರೆದು ಬಾಣ ಹಾಕಿ. ದೀಪಾವಳಿ ಹೊತ್ತಿಗೆ ಮಳೆ ನಿಂತು ಮಣ್ಣು ಕೆಳಗೆ ಕೂರುತ್ತದೆ. ಕೊಚ್ಚಿ ಬಂದ ಗೊಬ್ಬರ ನೀರಲ್ಲೇ ಇರುತ್ತದೆ, ತಳ ಅಗಲವಾಗತೊಡಗುತ್ತದೆ.

ಎಡವುವುದು ಬೇಸಿಗೆಯಲ್ಲಿ. ಏಪ್ರಿಲ್‌ನಲ್ಲಿ ನೀರು ಕುಗ್ಗಿ ಮೀನೆಲ್ಲ ಒಂದೇ ಗುಂಡಿ ಸೇರುತ್ತವೆ, ಬೆಳ್ಳಕ್ಕಿ, ನೀರುಕಾಗೆ, ಕೊಕ್ಕರೆ ಮುತ್ತಿಕೊಳ್ಳುತ್ತವೆ. ನೋಡಿದವರಿಗೆ ತುದಿಯೇ ದಪ್ಪ ಅನ್ನಿಸುತ್ತದೆ, ಅಲ್ವಾ? ಆದರೆ ಅವು ತಿನ್ನುತ್ತಿರುವುದು ಹಿಂದಿನ ತಿಂಗಳುಗಳಲ್ಲಿ ಬೆಳೆದ ಮೀನು. ಸಂಖ್ಯೆಯ ಪಿರಮಿಡ್, ತೂಕದ ಪಿರಮಿಡ್ ತಲೆಕೆಳಗಾಗಬಹುದು. ಶಕ್ತಿಯದ್ದು ಆಗುವುದಿಲ್ಲ, ಅದು ಇಷ್ಟು ಸಮಯಕ್ಕೆ ಇಷ್ಟು ಅನ್ನುವ ಲೆಕ್ಕ. ನಸುಕಿನಲ್ಲಿ ಹೋಗಿ ನೋಡಿ: ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಹಗಲು ಮಾಡಿದ ಆಮ್ಲಜನಕವೆಲ್ಲ ರಾತ್ರಿ ಉಸಿರಾಟಕ್ಕೇ ಖರ್ಚಾಗಿದೆ.

ಬರೆಯುವಾಗ ಎಲ್ಲ ಹಾಳೆಗೂ ಒಂದೇ ಅಳತೆ ಇರಲಿ, ಕ್ಯಾಲರಿಗೆ ಒಂದು ಸೆಂಟಿಮೀಟರ್. ತಳ 10 ಸೆಂ.ಮೀ. ಇದ್ದರೆ ಮುಂದಿನದು 1 ಸೆಂ.ಮೀ., ಅದರ ಮೇಲಿನದು 1 ಮಿಲಿಮೀಟರ್. ಮಿಂಚುಳ್ಳಿಗೆ ಪೆನ್ಸಿಲ್ ಚುಕ್ಕಿಯೂ ಜಾಸ್ತಿ, ಸುಮ್ನೆ ಹೆಸರು ಬರೆದುಬಿಡಿ.